ಬಾರ್‌ನ ವೇಗ ಅಳೆಯಲು ದಾರದ ಯಂತ್ರ, ಸೆನ್ಸರ್ ಅಥವಾ ಫೋನ್: ನನ್ನ ಆಯ್ಕೆ ದಾರದ್ದೇ

ಭಾರ ಎತ್ತುವಾಗ ಬಾರ್ (ಎರಡು ತುದಿಗಳಲ್ಲಿ ತೂಕದ ಪ್ಲೇಟು ಹಾಕುವ ಸರಳು) ಎಷ್ಟು ವೇಗವಾಗಿ ಮೇಲೇರುತ್ತದೆ ಎಂಬುದನ್ನು ನೋಡಿಕೊಂಡು ಅಂದಿನ ತಾಲೀಮನ್ನು ನಿರ್ಧರಿಸಬಯಸುವವರ ಮುಂದೆ ಈಗ ಮೂರು ದಾರಿಗಳಿವೆ. ಒಂದು, ನೆಲದ ಮೇಲಿಟ್ಟು ಬಾರ್‌ಗೆ ಸಪೂರ ದಾರ ಕಟ್ಟುವ ಯಂತ್ರ. ಇನ್ನೊಂದು, ಬಾರ್‌ಗೋ ಮುಂಗೈಗೋ ಕಟ್ಟಿಕೊಳ್ಳುವ ಪುಟ್ಟ ಸೆನ್ಸರ್. ಮತ್ತೊಂದು, ಕ್ಯಾಮೆರಾದಲ್ಲಿ ಪ್ಲೇಟಿನ ಚಲನೆಯನ್ನು ಹಿಂಬಾಲಿಸುವ ಫೋನ್ ಆ್ಯಪ್. ಮೂರನ್ನೂ ಬಳಸಿದ್ದೇನೆ. ಭಾರವಾದ ಸ್ಕ್ವಾಟ್ (ಬಾರನ್ನು ಬೆನ್ನ ಮೇಲೆ ಹೊತ್ತು ಕುಳಿತೇಳುವುದು) ಮತ್ತು ಬೆಂಚ್ ಪ್ರೆಸ್‌ಗಾಗಿ (ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ಹಣ ಕೊಟ್ಟು ಕೊಳ್ಳಬೇಕಾದದ್ದು ದಾರದ ಯಂತ್ರವನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಎಷ್ಟು ನಿಖರತೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಸ್ಪೇನಿನ ಗೊನ್ಸಾಲೆಸ್-ಬದಿಯೊ ಮತ್ತು ಸಾಂಚೆಸ್-ಮೆದಿನಾ 2010ರಲ್ಲಿ ಪ್ರಕಟಿಸಿದ ಬೆಂಚ್ ಪ್ರೆಸ್ ಅಧ್ಯಯನದ ಪ್ರಕಾರ, ಒಬ್ಬನು ಒಂದೇ ಬಾರಿ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಬಾರ್ ಸೆಕೆಂಡಿಗೆ ಸುಮಾರು 0.16 ಮೀಟರ್ ವೇಗದಲ್ಲಿ ಏರುತ್ತದೆ. ಸ್ಕ್ವಾಟ್‌ನಲ್ಲಿ ಅದೇ ವೇಗ 0.3 ಮೀಟರಿನ ಆಸುಪಾಸಿನಲ್ಲಿರುತ್ತದೆ. ಆ ಬೆಂಚ್ ಪ್ರೆಸ್ ಅಧ್ಯಯನದ ಪ್ರಕಾರ, ಒಂದೇ ಭಾರವನ್ನು 0.07ರಿಂದ 0.09 ಮೀಟರಿನಷ್ಟು ಹೆಚ್ಚು ವೇಗದಲ್ಲಿ ಎತ್ತಿದರೆ ಆ ಭಾರವು ಗರಿಷ್ಠ ಶಕ್ತಿಯ ಲೆಕ್ಕದಲ್ಲಿ ಶೇ. 5ರಷ್ಟು ಹಗುರವಾಗಿದೆ ಎಂದರ್ಥ. ಹೀಗಾಗಿ ಯಂತ್ರವು 0.08 ಮೀಟರಿನಷ್ಟು ತಪ್ಪಿದರೂ ಸಾಕು, ನಿದ್ದೆಗೆಟ್ಟು ಬಂದ ದಿನವನ್ನು ಒಳ್ಳೆಯ ದಿನವೆಂದು ತೋರಿಸಿಬಿಡುತ್ತದೆ.

ನಾನು ಮೊದಲು ಕೊಂಡದ್ದು ಸೆನ್ಸರ್. ಜೇಬಿನಲ್ಲಿ ಹಿಡಿಯುತ್ತದೆ, ಬೆಲೆ ಕಡಿಮೆ, ಹಗುರ ಭಾರದಲ್ಲಿ ಅದು ಕೊಡುವ ಸಂಖ್ಯೆಗಳೂ ನಂಬುವಂತಿದ್ದವು. ತೊಡಕು ಶುರುವಾದದ್ದು ಭಾರ ಹೆಚ್ಚಿದಾಗ. ಈ ಬಗೆಯ ಸೆನ್ಸರ್ ವೇಗವನ್ನು ನೇರವಾಗಿ ಅಳೆಯುವುದಿಲ್ಲ. ವೇಗೋತ್ಕರ್ಷವನ್ನು, ಅಂದರೆ ವೇಗ ಬದಲಾಗುವ ದರವನ್ನು ಅಳೆದು, ಅದನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತಾ ಹೋಗಿ ವೇಗವನ್ನು ಲೆಕ್ಕ ಹಾಕುತ್ತದೆ. ಕೂಡಿಸುವಾಗ ಸಣ್ಣ ಸಣ್ಣ ತಪ್ಪುಗಳೂ ಸೇರಿಕೊಳ್ಳುತ್ತವೆ. ರೆಪ್, ಅಂದರೆ ಒಂದು ಬಾರಿಯ ಎತ್ತುವಿಕೆ, ನಿಧಾನವಾದಷ್ಟೂ ಕೂಡುವ ಹೊತ್ತು ಹೆಚ್ಚುತ್ತದೆ, ಆದ್ದರಿಂದ ತಪ್ಪೂ ಬೆಳೆಯುತ್ತದೆ. ಇದನ್ನು ಸರಿಪಡಿಸಲು ಅದರ ತಂತ್ರಾಂಶವು ಬಾರ್ ಅಲುಗಾಡದೆ ನಿಂತ ಕ್ಷಣವನ್ನು ಹುಡುಕಿ, ಅಲ್ಲಿ ವೇಗವನ್ನು ಸೊನ್ನೆಗೆ ತರುತ್ತದೆ.

ಆದರೆ ಭಾರವಾದ ಸ್ಕ್ವಾಟ್‌ನಲ್ಲಿ ಬಾರ್ ಅಲುಗಾಡದೆ ನಿಲ್ಲುವುದು ಯಾವಾಗ? ಮೇಲೆ ನಿಂತು ಉಸಿರು ತುಂಬಿಕೊಳ್ಳುವಾಗ ಬೆನ್ನಿನ ಮೇಲಿನ ಬಾರ್ ಏರಿಳಿಯುತ್ತದೆ, ತುದಿಯ ಪ್ಲೇಟುಗಳು ತೂಗಾಡುತ್ತವೆ. ಎದೆಗೆ ಮುಟ್ಟಿಸಿದ ಕೂಡಲೇ ಎತ್ತುವ ಬೆಂಚ್ ಪ್ರೆಸ್‌ನಲ್ಲಿ ಕೆಳಗಡೆ ನಿಲುಗಡೆಯೇ ಇಲ್ಲ. ಪರಿಣಾಮವಾಗಿ, ಸೆಟ್‌ನ (ಒಂದೇ ಸಮನೆ ಮಾಡುವ ರೆಪ್‌ಗಳ ಸರಣಿಯ) ಕೊನೆಯ ರೆಪ್ ಕೆಲವೊಮ್ಮೆ ಲೆಕ್ಕಕ್ಕೇ ಬರುತ್ತಿರಲಿಲ್ಲ, ಕೆಲವೊಮ್ಮೆ ಎರಡು ರೆಪ್‌ಗಳು ಒಂದಾಗಿ ದಾಖಲಾಗುತ್ತಿದ್ದವು. ಒಮ್ಮೆಯಂತೂ ಹಿಂದೆ ನಿಂತವರು ಬಾರ್‌ಗೆ ಕೈ ಕೊಡಬೇಕಾಗಿ ಬಂದ ರೆಪ್ ಅದರ ಹಿಂದಿನದಕ್ಕಿಂತ ವೇಗವಾಗಿತ್ತೆಂದು ಪರದೆಯಲ್ಲಿ ಮೂಡಿತು. ಯಾವ ರೆಪ್ಪಿನ ವೇಗ ತಿಳಿಯಬೇಕೆಂದು ಉಪಕರಣ ಕೊಂಡಿದ್ದೆನೋ ಅದೇ ರೆಪ್ಪಿನಲ್ಲಿ ಅದು ಕೈಬಿಟ್ಟರೆ ಉಳಿದ ಸೌಲಭ್ಯಗಳೆಲ್ಲ ಇದ್ದೇನು ಫಲ?

ಕೊನೆಯ ರೆಪ್‌ಗೆ ನಾನು ಇಷ್ಟು ಮಹತ್ವ ಕೊಡಲು ಕಾರಣವಿದೆ. ನಾನು ತಾಲೀಮು ಕೊಡುವ ಹುಡುಗ ಹುಡುಗಿಯರು ಉದ್ದಜಿಗಿತ ಮತ್ತು ಓಟದವರು. ಅವರ ಕಾಲು ದಣಿಯಬಾರದು, ಶಕ್ತಿ ಮಾತ್ರ ಬೆಳೆಯಬೇಕು. 2017ರಲ್ಲಿ ಪರೇಹಾ-ಬ್ಲಾಂಕೊ ಮತ್ತು ಸಂಗಡಿಗರು ಪ್ರಕಟಿಸಿದ ಎಂಟು ವಾರಗಳ ಸ್ಕ್ವಾಟ್ ಅಧ್ಯಯನದಲ್ಲಿ, ವೇಗ ಶೇ. 20ರಷ್ಟು ಕುಸಿದೊಡನೆ ಸೆಟ್ ನಿಲ್ಲಿಸಿದವರು, ಶೇ. 40 ಕುಸಿಯುವವರೆಗೆ ಮುಂದುವರಿಸಿದವರಿಗಿಂತ ಸುಮಾರು ಶೇ. 40ರಷ್ಟು ಕಡಿಮೆ ರೆಪ್ ಮಾಡಿಯೂ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಗಳಿಸಿದರು. ನಿಂತಲ್ಲಿಂದ ಮೇಲಕ್ಕೆ ಜಿಗಿಯುವುದರಲ್ಲಿ ಅವರ ಸುಧಾರಣೆ ಶೇ. 9.5, ಇನ್ನೊಂದು ಗುಂಪಿನದು ಶೇ. 3.5. ಸ್ನಾಯು ಹೆಚ್ಚು ದಪ್ಪಗಾದದ್ದು ಶೇ. 40ರ ಗುಂಪಿನಲ್ಲಿ. ನಮಗೆ ಬೇಕಾದದ್ದು ಜಿಗಿತ, ಆದ್ದರಿಂದ ಮೊದಲ ರೆಪ್‌ನ ವೇಗ ಸೆಕೆಂಡಿಗೆ 0.62 ಮೀಟರ್ ಇದ್ದರೆ 0.50ಕ್ಕೆ ಇಳಿದ ಕೂಡಲೇ ಸೆಟ್ ಮುಗಿಸುತ್ತೇವೆ. ಈ ಎರಡರ ನಡುವಿನ ಅಂತರವೇ 0.12 ಮೀಟರ್ ಆಗಿರುವಾಗ ತಪ್ಪಿಗೆ ಜಾಗವೆಲ್ಲಿದೆ?

ದಾರದ ಯಂತ್ರದಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಅದು ದಾರ ಎಷ್ಟು ಹೊರಬಂತು, ಎಷ್ಟು ಹೊತ್ತಿನಲ್ಲಿ ಬಂತು ಎಂಬುದನ್ನೇ ಅಳೆಯುತ್ತದೆ. ಬಾರ್ ತೆವಳುತ್ತಾ ಏರಿದರೂ ಸಂಖ್ಯೆ ಸರಿಯಾಗಿ, ತಕ್ಷಣವೇ ಬರುತ್ತದೆ. ದಾರ ನೇರವಾಗಿ ಕೆಳಗಿಳಿಯುವಂತೆ ಯಂತ್ರವನ್ನು ಇಡಬೇಕು. ಓರೆಯಾದರೆ ಅಳತೆಯೂ ಓರೆಯಾಗುತ್ತದೆ. ಸೆಟ್ ಮುಗಿದ ಮೇಲೆ ಕೊಕ್ಕೆ ಬಿಚ್ಚದೆ ಬಾರ್ ಹೊತ್ತು ನಡೆಯಬಾರದು. ಬೆಲೆ ಸೆನ್ಸರ್‌ನ ಹಲವು ಪಟ್ಟು, ಹೊರದೇಶದಿಂದ ತರಿಸಿದ್ದರಿಂದ ಸುಂಕ ಬೇರೆ. ಜೊತೆಗೆ ತಾಲೀಮು ಮಾಡುವ ಇಬ್ಬರು ಪಾಲು ಹಾಕದಿದ್ದರೆ ನನಗೆ ಕೊಳ್ಳಲಾಗುತ್ತಿರಲಿಲ್ಲ.

ಫೋನ್ ಆ್ಯಪ್‌ಗೆ ಖರ್ಚು ಅತಿ ಕಡಿಮೆ. ಆದರೆ ನಾನು ಬಳಸಿದ ಆ್ಯಪ್ 450 ಮಿಲಿಮೀಟರ್ ವ್ಯಾಸದ ದೊಡ್ಡ ಪ್ಲೇಟನ್ನು ಅಳತೆಗೋಲಾಗಿ ಹಿಡಿಯುತ್ತದೆ, ನಮ್ಮ ಜಿಮ್ಮಿನ ಕಬ್ಬಿಣದ ಪ್ಲೇಟುಗಳ ಗಾತ್ರವೋ ಒಂದೊಂದು ಬಗೆ. ಸಂಜೆಯ ಗದ್ದಲದಲ್ಲಿ ಯಾರಾದರೂ ಕ್ಯಾಮೆರಾಕ್ಕೆ ಅಡ್ಡ ಬಂದರೆ ಆ ಸೆಟ್‌ನ ದಾಖಲೆ ಹೋದಂತೆಯೇ.

ಬಾರನ್ನು ನೆಲದಿಂದ ರಭಸವಾಗಿ ತಲೆಯ ಮೇಲಕ್ಕೋ (ಸ್ನ್ಯಾಚ್) ಹೆಗಲಿಗೋ (ಕ್ಲೀನ್) ಎತ್ತುವುದು ಮುಖ್ಯವಾಗಿರುವವರು ಸೆನ್ಸರ್ ಕೊಳ್ಳಲಿ: ಅಲ್ಲಿ ನೋಡುವುದು ಗರಿಷ್ಠ ವೇಗವನ್ನು, ಚಲನೆ ಕ್ಷಿಪ್ರ, ತಲೆಯ ಮೇಲಿಂದ ಬಾರ್ ಬೀಳಿಸುವಾಗ ದಾರ ತುಂಡಾಗುವ ಭಯವೂ ಇರುವುದಿಲ್ಲ. ಮನೆಯಲ್ಲೇ ಒಬ್ಬರೇ ಅಭ್ಯಾಸ ಮಾಡುವ, ದೊಡ್ಡ ಪ್ಲೇಟುಗಳಿರುವ, ತಿಂಗಳಿಗೊಮ್ಮೆ ತಮ್ಮ ಶಕ್ತಿಯ ಅಂದಾಜು ಮಾಡಿಕೊಂಡರೆ ಸಾಕೆನ್ನುವವರಿಗೆ ಫೋನ್ ಧಾರಾಳ. ನನ್ನಂತೆ ವಾರದಲ್ಲಿ ಹಲವು ದಿನ ಸ್ಕ್ವಾಟ್ ಮಾಡಿಸುತ್ತಾ, ಪ್ರತಿ ಸೆಟ್ ಎಲ್ಲಿ ನಿಲ್ಲಬೇಕೆಂದು ಆ ಕ್ಷಣದಲ್ಲೇ ಹೇಳಬೇಕಾದವರು, ಪಾಲುದಾರರನ್ನು ಹುಡುಕಿಯಾದರೂ ದಾರದ ಯಂತ್ರವನ್ನೇ ತರಿಸಲಿ. ಕೊಳ್ಳುವ ಮುನ್ನ ಬದಲಿ ದಾರ ಸಿಗುತ್ತದೆಯೇ, ಅದನ್ನು ನಾವೇ ಹಾಕಿಕೊಳ್ಳಬಹುದೇ ಎಂದು ಮಾರುವವರನ್ನು ಕೇಳಿ ತಿಳಿದುಕೊಳ್ಳಲಿ.