ಕನ್ನಡ ಟೈಪಿಂಗ್ ತಂತ್ರಾಂಶ ಹುಡುಕುವವರೇ, ಆ ಹಸಿರು ಬಟನ್ ಒತ್ತಬೇಡಿ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ಭಜನಾ ಮಂದಿರದ ಏಕಾಹ ಭಜನೆಯ ಆಮಂತ್ರಣ ಟೈಪ್ ಮಾಡುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಪೇಟೆಯಲ್ಲಿ ಮಲಯಾಳಂ ಟೈಪ್ ಮಾಡಿಸುವುದು ಸುಲಭ, ಕನ್ನಡಕ್ಕಾದರೆ ಕಾಯಬೇಕು. ಮನೆಯ ಕಂಪ್ಯೂಟರಿನಲ್ಲೇ ಮಾಡುವಾ ಅಂತ ಗೂಗಲ್‌ನಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶ ಹುಡುಕಿದೆ. ಮೇಲೆ ಕಂಡ ತಾಣವನ್ನೇ ತೆರೆದೆ. ಅದು ತಂತ್ರಾಂಶ ಮಾಡಿದವರ ತಾಣ ಅಲ್ಲ, ಯಾರ್‍ಯಾರದ್ದೋ ತಂತ್ರಾಂಶಗಳನ್ನು ತಂದು ರಾಶಿ ಹಾಕಿಟ್ಟ ತಾಣ. ಪುಟದ ತುಂಬ ಡೌನ್‌ಲೋಡ್ ಬಟನ್‌ಗಳು. ದೊಡ್ಡ ಹಸಿರು ಬಟನ್ ಒತ್ತಿದೆ. ಅದು ಜಾಹೀರಾತು. ನಿಜವಾದ ಲಿಂಕ್ ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಸೆಟಪ್ ಶುರುವಾಗುವಾಗ ವಿಂಡೋಸ್ ಅನುಮತಿ ಕೇಳಿತು. ಪಬ್ಲಿಷರ್ ಅನ್ನುವಲ್ಲಿ ‘ಅನ್‌ನೋನ್’ ಅಂತ ಇತ್ತು. ಮಾಡಿದವರು ಯಾರೆಂದು ಗೊತ್ತಿಲ್ಲ ಅಂತ ಅರ್ಥ. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಯೆಸ್ ಕೊಟ್ಟು, ಮುಂದೆ ಓದದೆ ನೆಕ್ಸ್ಟ್ ಒತ್ತುತ್ತಾ ಹೋದೆ. ‘ಕಸ್ಟಮ್’ ಆರಿಸಿದ್ದರೆ ಜೊತೆಗೆ ಬರುವ ಬೇರೆ ಪ್ರೋಗ್ರಾಮ್‌ಗಳ ಟಿಕ್ ತೆಗೆಯಬಹುದಿತ್ತಂತೆ.

ಕನ್ನಡ ಟೈಪಿಂಗ್ ಬರಲಿಲ್ಲ. ಬ್ರೌಸರಿನ ಮೊದಲ ಪುಟ ಬದಲಾಯಿತು. ಹುಡುಕಿದ್ದೆಲ್ಲ ಬೇರೆಲ್ಲಿಗೋ ಹೋಗುತ್ತಿತ್ತು. ಬಲಗಡೆ ಮೂಲೆಯಲ್ಲಿ ‘ವೈರಸ್ ಇದೆ’ ಅಂತ ಮತ್ತೆ ಮತ್ತೆ ಎಚ್ಚರಿಕೆ. ‘ಕ್ಲೀನರ್’ ಅನ್ನುವ ಒಂದು ಪ್ರೋಗ್ರಾಮ್ ತಾನಾಗಿ ಓಡಿ, ನೂರಾರು ದೋಷ ತೋರಿಸಿ, ಸರಿಮಾಡಲು ದುಡ್ಡು ಕೇಳಿತು. ಆಮಂತ್ರಣ ಮರುದಿನವೇ ಪ್ರೆಸ್ಸಿಗೆ ಕೊಡಬೇಕಿತ್ತು. ಗಾಬರಿಯಲ್ಲಿ ಕಾರ್ಡ್ ನಂಬರ್ ಹಾಕಿ 1,850 ರೂಪಾಯಿ ಕೊಟ್ಟೆ. ಏನೂ ಸರಿಯಾಗಲಿಲ್ಲ.

ಇನ್ನು ತೆಗೆಯುವ ಕಥೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಹಾಕುವಾಗ ಆದದ್ದಕ್ಕಿಂತ ಜಾಸ್ತಿ ಹಾಳು ತೆಗೆಯುವಾಗ ಆಯಿತು. ಮೊದಲು ಡೆಸ್ಕ್‌ಟಾಪಿನಲ್ಲಿದ್ದ ಆ ಕ್ಲೀನರಿನ ಐಕಾನ್ ಡಿಲೀಟ್ ಮಾಡಿದೆ. ಅದು ಬರೀ ಶಾರ್ಟ್‌ಕಟ್, ಪ್ರೋಗ್ರಾಮ್ ಒಳಗೇ ಇರುತ್ತದೆ. ಮತ್ತೆ ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಹೋಗಿ ಅದರ ಫೋಲ್ಡರನ್ನೇ ಅಳಿಸಿದೆ. ಆ ಫೋಲ್ಡರಿನ ಒಳಗೇ ಅದನ್ನು ಕ್ರಮವಾಗಿ ತೆಗೆಯುವ ಅನ್‌ಇನ್‌ಸ್ಟಾಲ್ ಫೈಲ್ ಇತ್ತು. ಅದೂ ಹೋಯಿತು. ವಿಂಡೋಸಿನ ಪ್ರೋಗ್ರಾಮ್ ಪಟ್ಟಿಯಲ್ಲಿ ಹೆಸರು ಉಳಿಯಿತು, ತೆಗೆಯಲು ಹೋದರೆ ಫೈಲ್ ಸಿಗುತ್ತಿಲ್ಲ ಅಂತ ಬರುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗಲೆಲ್ಲ ಒಂದು ಎರರ್. ಕೊನೆಗೆ, ಹಟಮಾರಿ ಪ್ರೋಗ್ರಾಮ್ ತೆಗೆಯುವ ಪ್ರೋಗ್ರಾಮ್ ಅಂತ ಇನ್ನೊಂದನ್ನು ಅಂಥದ್ದೇ ತಾಣದಿಂದ ಇಳಿಸಿದೆ. ಅದರ ಜೊತೆ ಮತ್ತೆರಡು ಬಂದವು.

ಮಗಳಿಗೂ ಇದು ಹೊಸತು. ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರಿನಲ್ಲಿ ವಿಂಡೋಸಿನ ಬದಲು ಇರುವುದು ಲಿನಕ್ಸ್, ವಿಂಡೋಸಿನ ಈ ಉಪದ್ರ ಅವಳು ಕಂಡಿರಲಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ನನ್ನ ಭಾವ ಬದಿಯಡ್ಕದಿಂದ ಬಂದ. “ಎಂತದ್ದನ್ನೂ ಇನ್ನು ಹೊಸತಾಗಿ ಹಾಕಬೇಡಿ ಭಾವ, ಮೊದಲು ಇಂಟರ್ನೆಟ್ ತಪ್ಪಿಸಿ” ಅಂದ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ಡ್ ಆಪ್ಸ್ ತೆರೆದು ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದ. ಆ ದಿನ ಬಂದ ಏಳು ಪ್ರೋಗ್ರಾಮ್‌ಗಳೂ ಸಾಲಾಗಿ ಕಂಡವು. ಎಷ್ಟು ಸುಲಭದ ಉಪಾಯ ನೋಡಿ. ನಾನು ಫೋಲ್ಡರ್ ಅಳಿಸಿದ್ದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ಅಲ್ಲಿಂದಲೇ ತೆಗೆದ. ತೆಗೆಯುವಾಗಲೂ ‘ಇಟ್ಟುಕೊಳ್ಳಿ’ ಅನ್ನುವ ಬಟನ್ ದೊಡ್ಡದು, ‘ತೆಗೆಯಿರಿ’ ಅನ್ನುವುದು ಮಸುಕಾಗಿ ಸಣ್ಣದು. ನಾನು ಫೋಲ್ಡರ್ ಅಳಿಸಿದ್ದರಿಂದ ಬರುತ್ತಿದ್ದ ಎರರಿನ ಮೂಲ, ಪ್ರೋಗ್ರಾಮ್‌ಗಳನ್ನು ಹೊತ್ತಿಗೆ ಸರಿಯಾಗಿ ತಾನಾಗಿ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಿಕ್ಕಿತು. ಪ್ರೋಗ್ರಾಮ್ ಇಲ್ಲದಿದ್ದರೂ ಅದನ್ನು ಓಡಿಸುವ ಆದೇಶ ಅಲ್ಲಿ ಉಳಿದಿತ್ತು. ಮೂಲೆಯ ವೈರಸ್ ಎಚ್ಚರಿಕೆ ಬರುತ್ತಿದ್ದದ್ದು ಬ್ರೌಸರಿನ ನೋಟಿಫಿಕೇಶನ್ ಅನುಮತಿಯಿಂದ. ಯಾವುದೋ ಪುಟದಲ್ಲಿ ‘ಅಲೋ’ ಒತ್ತಿದ್ದೆ. ಅದನ್ನು ಬಂದ್ ಮಾಡಿದ, ಗುರುತಿಲ್ಲದ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಕೊಳ್ಳುವ ಸಣ್ಣ ಪ್ರೋಗ್ರಾಮ್, ಎರಡು ಇದ್ದವು, ಅವನ್ನೂ ತೆಗೆದ. ಕೊನೆಗೆ ವೈರಸ್ ಹಿಡಿಯುವ ವಿಂಡೋಸಿನದ್ದೇ ಡಿಫೆಂಡರ್‌ನಲ್ಲಿ, ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ಆಫ್‌ಲೈನ್ ಸ್ಕ್ಯಾನ್ ಮಾಡಿಸಿದ. ಬೇಡದ ಆಪ್‌ಗಳನ್ನು ತಡೆಯುವ ಒಂದು ಸೆಟ್ಟಿಂಗ್ ವಿಂಡೋಸ್ ಸೆಕ್ಯುರಿಟಿಯಲ್ಲೇ ಇದೆ. ನಮ್ಮದರಲ್ಲಿ ಅದು ಆಫ್ ಇತ್ತು. ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ.

ನನಗೆ ಬಹಳ ಬೇಸರವಾದದ್ದು ಆಮೇಲೆ. ಕನ್ನಡ ಟೈಪ್ ಮಾಡಲು ಏನನ್ನೂ ಇಳಿಸಬೇಕಾಗಿಯೇ ಇರಲಿಲ್ಲ. ಸೆಟ್ಟಿಂಗ್ಸ್‌ನ ಭಾಷೆಗಳ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಸಾಕು, ಕೀಬೋರ್ಡ್ ವಿಂಡೋಸಿನಲ್ಲೇ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡ ಮೂಡುವ ಫೊನೆಟಿಕ್ ಕೀಬೋರ್ಡ್ ಕೂಡ 2019ರಿಂದ ವಿಂಡೋಸ್ 10ರಲ್ಲಿ ಸಿಗುತ್ತದೆ. ಆಮಂತ್ರಣವನ್ನು ಅದರಲ್ಲೇ ಮುಗಿಸಿದೆ, ಎರಡು ದಿನ ತಡವಾಗಿ. ಇನ್ನು ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳು ಬೇಕೇ ಬೇಕು ಅನ್ನುವವರು ಅವುಗಳ ಸ್ವಂತ ತಾಣಕ್ಕೇ ಹೋಗಿ.

ತಿಂಗಳ ನಂತರ ಬ್ಯಾಂಕಿನ ಮೆಸೇಜ್ ಬಂತು. ಅದೇ ಕ್ಲೀನರಿಗೆ ಮತ್ತೆ 1,850 ರೂಪಾಯಿ ಕಡಿತವಾಗಲಿದೆ ಅಂತ. ನಾನು ಅಂದು ಕೊಟ್ಟದ್ದು ತಿಂಗಳ ಚಂದಾ. ಪ್ರೋಗ್ರಾಮ್ ತೆಗೆದರೂ ಚಂದಾ ನಿಲ್ಲುವುದಿಲ್ಲ, ಅದನ್ನು ಬೇರೆಯಾಗಿಯೇ ರದ್ದು ಮಾಡಬೇಕು. ಕೂಡಲೇ ಕಾರ್ಡ್ ಬ್ಲಾಕ್ ಮಾಡಿಸಿದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಎರಡನೇ ಸಲದ ದುಡ್ಡು ಉಳಿಯಿತು. ಮೊದಲಿನದ್ದು ಇನ್ನೂ ಬಂದಿಲ್ಲ.