ತೂತಿನ ಹಾಳೆಯ ಡೈಪರೇ ನಮ್ಮ ಮಗಳಿಗೆ ಸರಿಹೋಯಿತು: ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಉಬ್ಬುತಗ್ಗಿನ ಹಾಳೆ, ಆ ತಗ್ಗುಗಳಲ್ಲಿ ನಿಜವಾದ ಸಣ್ಣ ತೂತು, ಇಂಥ ಡೈಪರ್ ನನಗೆ ಇಷ್ಟವಾಗಿದ್ದು. ಬೆಲೆ ಜಾಸ್ತಿ. ಆದರೂ ರಾತ್ರಿಗೆ ಮತ್ತು ಹೊರಗೆ ಹೊರಟಾಗ ಈಗ ಬೇರೆ ಯಾವುದನ್ನೂ ಹಾಕುತ್ತಿಲ್ಲ.

ಎಷ್ಟು ಗಂಟೆ ತಡೆಯುತ್ತೆ, ಒದ್ದೆಯಾದರೆ ಗೆರೆಯ ಬಣ್ಣ ಬದಲಾಗುತ್ತಾ, ಅದೆಲ್ಲ ಪ್ಯಾಕಿನ ಮೇಲೇ ಇರುತ್ತದೆ. ನಾನು ಹೇಳುವುದು ಮಗುವಿನ ಚರ್ಮಕ್ಕೆ ತಾಗುವ ಮೇಲಿನ ಹಾಳೆಯ ಬಗ್ಗೆ ಮಾತ್ರ. ಕಂಪನಿಗಳ ಹೆಸರನ್ನೂ ಬರೆಯುತ್ತಿಲ್ಲ. ಒಂದೇ ಹೆಸರಿನ ಅಗ್ಗದ ಪ್ಯಾಕಿನಲ್ಲಿ ಒಂದು ಹಾಳೆ, ದುಬಾರಿ ಪ್ಯಾಕಿನಲ್ಲಿ ಇನ್ನೊಂದು ಹಾಳೆ ಸಿಕ್ಕಿದೆ ನನಗೆ. ಹೆಸರು ನಂಬಿ ತಂದರೆ ಮೋಸ ಹೋಗುತ್ತೇವೆ.

ಮಗಳು ಹುಟ್ಟಿದ್ದು ಜೂನ್ ಮೊದಲ ವಾರ. ಬಾಣಂತನಕ್ಕೆ ಸುಂಟಿಕೊಪ್ಪದ ಅಮ್ಮನ ಮನೆಯಲ್ಲಿದ್ದೆ. ಅಮ್ಮ ಹಳೇ ಹತ್ತಿ ಸೀರೆಗಳನ್ನು ಹರಿದು, ಅಂಚು ಹೊಲಿದು, ಕಟ್ಟು ಕಟ್ಟು ಇಟ್ಟಿದ್ದರು. ಆದರೆ ಕೊಡಗಿನ ಜೂನ್ ಜುಲೈ ಗೊತ್ತಲ್ಲ. ಬೆಳಿಗ್ಗೆ ಒಗೆದ ಬಟ್ಟೆ ಮರುದಿನ ಸಂಜೆಗೂ ತಣ್ಣಗೆ ತೇವ ತೇವ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ, ಅಮ್ಮ ರಾತ್ರಿ ಹನ್ನೊಂದರವರೆಗೂ ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ಡೈಪರ್ ತರಿಸಿದೆ.

ಮೊದಲು ತಂದಿದ್ದು ಸಾದಾ ಹಾಳೆಯದು. ನಯವಾಗಿ, ಬೆಳ್ಳಗೆ, ಚಪ್ಪಟೆಯಾಗಿ ಇರುತ್ತದೆ. ಬಟ್ಟೆ ಅಂಗಡಿಯಲ್ಲಿ ಕೊಡುವ ನಾನ್ ವೋವನ್ ಚೀಲ ನೋಡಿದ್ದೀರಲ್ಲ, ಇದೂ ಅದೇ ಜಾತಿ, ತುಂಬಾ ತೆಳು ಅಷ್ಟೇ. ನೇಯ್ದಿಲ್ಲ, ಹೆಣೆದಿಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಎಳೆಗಳನ್ನು ಹರಡಿ, ಬಿಸಿ ಉರುಳೆಯಲ್ಲಿ ಒತ್ತಿ ಅಂಟಿಸಿರುತ್ತಾರೆ. ಚೀಲದ ಮೇಲೆ ಕಾಣುವ ಸಾಲು ಸಾಲು ಚುಕ್ಕಿಗಳು ಎಳೆ ಕರಗಿ ಅಂಟಿಕೊಂಡ ಜಾಗಗಳೇ. ಈ ಪ್ಲಾಸ್ಟಿಕ್ಕಿಗೆ ನೀರು ಹಿಡಿಸುವುದಿಲ್ಲ. ಹಾಗಾಗಿ ಡೈಪರಿಗೆ ಬಳಸುವಾಗ ನೀರು ಇಳಿಯುವಂತೆ ಮಾಡುವ ಒಂದು ಲೇಪ ಕೊಡುತ್ತಾರೆ. ಉಚ್ಚೆಗೆ ಇದು ಸಾಕು. ಒಂದು ತಿಂಗಳು ನನಗೂ ಏನೂ ತೊಂದರೆ ಕಾಣಲಿಲ್ಲ.

ತೊಂದರೆ ಗೊತ್ತಾಗಿದ್ದು ಆರು ವಾರದ ಚುಚ್ಚುಮದ್ದಿಗೆ ಮಡಿಕೇರಿಗೆ ಹೊರಟ ದಿನ. ಅಣ್ಣನ ಜೀಪು, ಹೊರಗೆ ಮಳೆ, ಎದುರಿನ ಗಾಡಿ ಕಾಣದಷ್ಟು ಮಂಜು. ಬೋಯಿಕೇರಿ ದಾಟುವಷ್ಟರಲ್ಲಿ ಮಗಳು ತಿಣುಕಿದಳು. ಐದು ನಿಮಿಷಕ್ಕೆ ನನ್ನ ಕೈಗೆ ಬೆಚ್ಚಗೆ ತಾಗಿತು. ಬಿಚ್ಚಿ ನೋಡಿದರೆ ಕಕ್ಕ ಸೊಂಟದಿಂದ ಮೇಲೇರಿ, ಬೆನ್ನುದ್ದಕ್ಕೂ ಹರಡಿ, ಕುತ್ತಿಗೆಯ ಹತ್ತಿರ ಬಂದಿತ್ತು. ಅಮ್ಮ ಸುತ್ತಿದ್ದ ಶಾಲು, ಒಳಗಿನ ಅಂಗಿ, ಟೊಪ್ಪಿಯ ಅಂಚು, ಎಲ್ಲ ಹಳದಿ. ಆ ಚಳಿಯಲ್ಲಿ ಜೀಪು ನಿಲ್ಲಿಸಿ ಅವಳನ್ನು ಬರಿಮೈ ಮಾಡಿ ಒರೆಸಬೇಕಾಯಿತು. ಅವಳು ನಡುಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ವಿಚಿತ್ರ ಎಂದರೆ ಡೈಪರ್ ಒಳಗೆ ಹೆಚ್ಚುಕಡಿಮೆ ಒಣಗಿತ್ತು! ಹಗುರವಾಗಿತ್ತು. ಸೈಜು ಸರಿ ಇಲ್ಲವೇನೋ ಅಂದುಕೊಂಡೆ. ದೊಡ್ಡದು ಹಾಕಿದೆ, ಎರಡು ದಿನದಲ್ಲಿ ಮತ್ತೆ ಅದೇ ಕತೆ. ಪಟ್ಟಿ ಬಿಗಿ ಮಾಡಿದೆ, ತೊಡೆಯ ಹತ್ತಿರ ಕೆಂಪಗೆ ಗೆರೆ ಬಿತ್ತು, ಸೋರಿದ್ದು ನಿಲ್ಲಲಿಲ್ಲ. ಆಮೇಲೆ ಕೂತು ಒಂದು ಡೈಪರನ್ನು ಕತ್ತರಿಸಿ ಪದರ ಪದರ ಬಿಡಿಸಿದೆ. ಆಗ ಅರ್ಥವಾಯಿತು.

ತಾಯಿ ಹಾಲು ಮಾತ್ರ ಕುಡಿಯುವ ಮಗುವಿನ ಕಕ್ಕ ನೀರಲ್ಲ, ಗಟ್ಟಿಯೂ ಅಲ್ಲ. ಒಡೆದ ಹಾಲಿನ ಹಾಗೆ ನೀರು, ನಡುವೆ ಸಣ್ಣ ಸಣ್ಣ ಕಾಳು. ಸಾದಾ ಹಾಳೆಯಲ್ಲಿ ಎಳೆಗಳ ನಡುವಿನ ಸಂದಿ ತೀರಾ ಚಿಕ್ಕದು. ನೀರು ಇಳಿಯುತ್ತದೆ, ಕಾಳು ಸಂದಿಗೆ ಅಡ್ಡ ಕೂರುತ್ತದೆ. ಸಂದಿ ಮುಚ್ಚಿದ ಮೇಲೆ ಉಳಿದ ನೀರಿಗೂ ಕೆಳಗೆ ದಾರಿ ಇಲ್ಲ. ಮೇಲಿನಿಂದ ಮಗುವಿನ ಭಾರ ಒತ್ತುತ್ತಿರುತ್ತದೆ. ಎಲ್ಲಿಗೆ ಹೋಗಬೇಕು ಹೇಳಿ? ಚಪ್ಪಟೆ ಹಾಳೆಯ ಮೇಲೆ ಜಾರಿ ಬೆನ್ನಿನ ಕಡೆಗೇ ಹೋಗುತ್ತದೆ. ಕೆಳಗೆ ನೀರು ಹೀರುವ ಜೆಲ್ ಪುಡಿ ಎಷ್ಟು ತುಂಬಿದ್ದರೂ ಅದರವರೆಗೆ ಏನೂ ತಲುಪುವುದಿಲ್ಲ. ಪ್ಯಾಕಿನ ಮೇಲೆ ಹೇಳುವ ಗಂಟೆಗಳ ಲೆಕ್ಕ ಉಚ್ಚೆಯದು. ಇದರ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಎರಡನೇ ಸಲ, ಹಾಳೆಯಲ್ಲಿ ಕಾಳು ಇಳಿಯುವಷ್ಟು ತೂತು ಇರಬೇಕು ಎಂಬ ತಿಳಿವಳಿಕೆಯಿಂದ ಹೋಗಿ ಮೋಸ ಹೋದೆ. ಮಡಿಕೇರಿಯ ಒಂದು ಅಂಗಡಿಯಲ್ಲಿ ವಜ್ರದಾಕಾರದ ವಿನ್ಯಾಸ ಒತ್ತಿದ ಡೈಪರ್ ಸಿಕ್ಕಿತು. ಕೈಯಲ್ಲಿ ಸವರಿದರೆ ಗುಂಡಿ ಗುಂಡಿ. ತೂತು ಇದೆ ಅಂದುಕೊಂಡು 40ರ ಪ್ಯಾಕ್ ತಂದೆ. ಮನೆಯಲ್ಲಿ ಹಾಳೆ ಬಿಡಿಸಿ ಕಿಟಕಿಗೆ ಹಿಡಿದರೆ ಒಂದೂ ತೂತಿಲ್ಲ. ಬಿಸಿ ಉರುಳೆಯಲ್ಲಿ ಒತ್ತಿದ ತಗ್ಗು ಮಾತ್ರ. ತಗ್ಗಿನ ತಳದಲ್ಲಿ ಎಳೆ ಕರಗಿ ಗಾಜಿನ ಹಾಗೆ ಮಿನುಗುತ್ತದೆ. ಆ ಜಾಗದಲ್ಲಿ ನೀರೂ ಇಳಿಯುವುದಿಲ್ಲ. ಹಾಗಂತ ಇದು ಸುಮ್ನೆ ಅಲಂಕಾರ ಎನ್ನಲಾರೆ. ಉಬ್ಬು ಚರ್ಮವನ್ನು ಎತ್ತಿ ಹಿಡಿಯುತ್ತದೆ, ತಗ್ಗಿನಲ್ಲಿ ಸ್ವಲ್ಪ ಕಕ್ಕ ನಿಲ್ಲುತ್ತದೆ, ಜಾರುವುದು ನಿಧಾನವಾಗುತ್ತದೆ. ನಮಗೆ ಬೆನ್ನಿಗೆ ಏರುವುದು ಅರ್ಧಕ್ಕರ್ಧ ಕಡಿಮೆ ಆಯಿತು. ಪೂರ್ತಿ ನಿಲ್ಲಲಿಲ್ಲ.

ಮೂರನೆಯದು ನೆಟ್ ಹಾಳೆ. ಇದು ಎಳೆಯದ್ದಲ್ಲ, ತೂತು ಕೊರೆದ ಪ್ಲಾಸ್ಟಿಕ್ ಫಿಲ್ಮ್. ನಾವು ಹೆಂಗಸರಿಗೆ ಇದು ಪ್ಯಾಡಿನಲ್ಲಿ ಚೆನ್ನಾಗಿ ಗೊತ್ತು. ಊರಿನ ಅಂಗಡಿಯಲ್ಲಿ ಬಿಡಿಯಾಗಿ, ಒಂದಕ್ಕೆ 7 ರೂಪಾಯಿಗೆ ಸಿಕ್ಕಿತು. ಮೇಲೆ ಒಣಗಿರುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಆದರೆ ಮೈ ಬೆವರಿದರೆ ಅಂಟುತ್ತದೆ, ಅಲುಗಾಡಿದರೆ ಸರಸರ ಸದ್ದು. ಎರಡನೇ ರಾತ್ರಿ ತೊಡೆ ಸಂದಿಯಲ್ಲಿ ಜಾಲರಿಯ ಗುರುತು ಬಿದ್ದು ಕೆಂಪಾಯಿತು. ನಾನು ತಂದ ಬಗೆಯಲ್ಲಿ ಒಳಗಿನ ಜೆಲ್ ತೂತಿನಿಂದ ಮೇಲೂ ಬಂತು, ಸಾಬಕ್ಕಿ ಬೆಂದ ಹಾಗೆ. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಷವೇನಲ್ಲ ಎಂದರು. ಆದರೂ ಅಲ್ಲಿಗೇ ನಿಲ್ಲಿಸಿದೆ.

ನಾಲ್ಕನೆಯದನ್ನು ಅಣ್ಣ ಆನ್‌ಲೈನಿನಲ್ಲಿ ತರಿಸಿದ. ಎಳೆಯ ಹಾಳೆಯೇ. ಆದರೆ ಉಬ್ಬುತಗ್ಗು ಇದೆ, ತಗ್ಗಿನಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಇದೆ. ಬೆಳಕಿಗೆ ಹಿಡಿದರೆ ಜರಡಿ ಹಾಗೆ ಕಾಣುತ್ತದೆ. ಇಂಥ ತೂತನ್ನು ಬಿಸಿ ಸೂಜಿಗಳಿಂದ ಚುಚ್ಚುತ್ತಾರೆ. ಅಂಚಿನ ಎಳೆಗಳು ಕರಗಿ ಗಟ್ಟಿಯಾಗುವುದರಿಂದ ತೂತು ಮುಚ್ಚಿಕೊಳ್ಳುವುದಿಲ್ಲ. ಸೂಜಿ ಮೇಲಿನಿಂದ ಕೆಳಗೆ ಹೋಗುವುದರಿಂದ ತೂತು ಲಾಳಿಕೆಯ ಆಕಾರ ಪಡೆಯುತ್ತದೆ. ಮೇಲೆ ಅಗಲ, ಕೆಳಗೆ ಕಿರಿದು. ಇಳಿಯುವುದು ಸುಲಭ, ವಾಪಸ್ ಬರುವುದು ಕಷ್ಟ. ಹಾಳೆಯ ಹಿಂಬದಿಗೆ ಬೆರಳು ಸವರಿದರೆ ಆ ಸಣ್ಣ ಮೂತಿಗಳು ಕೈಗೆ ಸಿಗುತ್ತವೆ. ಮಗುವಿಗೆ ತಾಗುವ ಕಡೆ ಮಾತ್ರ ನುಣುಪು.

ಕೊಡಗಿನ ಕಕ್ಕಡ ತಿಂಗಳ 18ರ ದಿನ, ಅಂದರೆ ಆಗಸ್ಟ್ 3ಕ್ಕೆ, ನಾಲ್ಕೂ ಬಗೆ ಮನೆಯಲ್ಲಿದ್ದವು. ಅಮ್ಮ ಪಾಯಸಕ್ಕೆ ಮದ್ದುಸೊಪ್ಪು ಬೇಯಿಸಿದ್ದರು, ಬೆಂದರೆ ನೀರಿಗೆ ನೇರಳೆ ಬಣ್ಣ ಬಿಡುವ ಸೊಪ್ಪು ಅದು. ಆ ನೇರಳೆ ನೀರನ್ನು ನೋಡಿದಾಗ ಇದಕ್ಕಿಂತ ಒಳ್ಳೆಯ ಬಣ್ಣ ಎಲ್ಲಿ ಸಿಗುತ್ತೆ ಅನಿಸಿತು. ಹಾಲಿನ ಬಾಟಲಿಯಲ್ಲಿ 60 ಮಿಲಿ ಅಳೆದು ಒಂದೊಂದಕ್ಕೂ ಹೊಯ್ದೆ. ಐದು ನಿಮಿಷ ಬಿಟ್ಟು, ಮೇಲೆ ಬಿಳಿ ಕರವಸ್ತ್ರ ಇಟ್ಟು, ಅದರ ಮೇಲೆ ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟೆ. ಸಾದಾ ಹಾಳೆಯಲ್ಲಿ ನೀರು ಅಂಗೈಯಗಲ ಹರಡಿ ಆಮೇಲೆ ಇಳಿಯಿತು, ಕರವಸ್ತ್ರಕ್ಕೆ ನೇರಳೆ ಕಲೆ ಚೆನ್ನಾಗಿಯೇ ಹತ್ತಿತು. ಉಬ್ಬಿನದರಲ್ಲಿ ಕಲೆ ಚುಕ್ಕಿ ಚುಕ್ಕಿಯಾಗಿ ಬಂತು. ನೆಟ್ ಹಾಳೆಯಲ್ಲಿ ಕರವಸ್ತ್ರ ಬೆಳ್ಳಗೇ ಉಳಿಯಿತು. ತೂತಿನ ಹಾಳೆಯಲ್ಲಿ ತೆಳು ಬಣ್ಣ, ಎರಡನೇ ಸ್ಥಾನ ಅನ್ನಿ.

ನನಗೆ ಮುಖ್ಯವಾಗಿದ್ದು ಮುಂದಿನ ಪರೀಕ್ಷೆ. ರಾಗಿ ಅಂಬಲಿಯನ್ನು ಸ್ವಲ್ಪ ತರಿಯಾಗಿ ಕಾಯಿಸಿ, ಆರಿಸಿ, ಎರಡು ಚಮಚ ಹಾಕಿ ಡೈಪರನ್ನು ಓರೆ ಮಾಡಿದೆ. ಸಾದಾ ಹಾಳೆಯ ಮೇಲೆ ಅದು ಜಾರಿ ಅಂಚಿಗೆ ಬಂತು. ಉಬ್ಬಿನದರಲ್ಲಿ ಅರ್ಧ ದಾರಿಯಲ್ಲಿ ನಿಂತಿತು. ತೂತಿನ ಹಾಳೆಯಲ್ಲಿ ಹಾಕಿದ ಜಾಗದಲ್ಲೇ ಕೂತು, ನೀರು ಮತ್ತು ಸಣ್ಣ ತರಿ ಕೆಳಗಿಳಿದು, ಮೇಲೆ ದಪ್ಪ ತರಿ ಮಾತ್ರ ಉಳಿಯಿತು. ಅಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಇದನ್ನೇ ತರಿಸು, ಮಗೂನ ಆ ದಿನದ ಹಾಗೆ ಚಳಿಗೆ ಬಿಚ್ಚಬೇಡ" ಎಂದರು. ಹತ್ತು ವಾರದ ಚುಚ್ಚುಮದ್ದಿಗೆ ಅದನ್ನೇ ಹಾಕಿಕೊಂಡು ಹೋದೆವು. ದಾರಿಯಲ್ಲಿ ಕಕ್ಕ ಮಾಡಿದಳು. ಬೆನ್ನು ಒಣಗಿತ್ತು.

ಇದರಲ್ಲೂ ಕೊರತೆ ಇದೆ. ಬದಲಾಯಿಸುವಾಗ ಕಕ್ಕ ಮೇಲೆ ಪೂರ್ತಿ ಕಾಣುವುದಿಲ್ಲ, ಹಾಗಾಗಿ ಎಷ್ಟು ಆಗಿದೆ ಎಂದು ತಪ್ಪು ತಿಳಿಯುತ್ತೇವೆ. ಹೊತ್ತಿಗೆ ಸರಿಯಾಗಿ ಬಿಚ್ಚಿ ನೋಡಲೇಬೇಕು.

ಹತ್ತಿಯಂತೆ ಮೃದು ಎಂದು ಬರೆದಿರುತ್ತಾರಲ್ಲ, ಅದರ ಬಗ್ಗೆ ಒಂದು ಮಾತು. ನಾನು ತಂದ ನಾಲ್ಕೂ ಹಾಳೆಯ ಚೂರನ್ನು ಒಲೆಗೆ ಹಿಡಿದೆ. ಅಮ್ಮನ ಸೀರೆ ತುಂಡು ಕಾಗದದ ಹಾಗೆ ಉರಿದು ಬೂದಿಯಾಯಿತು. ಈ ನಾಲ್ಕೂ ಮುದುಡಿ ಕರಗಿ ಗಟ್ಟಿ ಮಣಿಯಾದವು. ಎಲ್ಲವೂ ಪ್ಲಾಸ್ಟಿಕ್ಕೇ. ತೋಟದ ಗುಂಡಿಯಲ್ಲಿ ಹೂತರೆ ಕೊಳೆಯುವುದಿಲ್ಲ. ಇಲ್ಲಿನ ತೋಡುಗಳು ಹರಿದು ಸೇರುವುದು ಕಾವೇರಿಗೆ, ದಯವಿಟ್ಟು ಸೇತುವೆ ಕೆಳಗೆ ಎಸೆಯಬೇಡಿ. ಕಕ್ಕವನ್ನು ಟಾಯ್ಲೆಟ್ಟಿಗೆ ಉದುರಿಸಿ, ಡೈಪರನ್ನು ಬಿಗಿಯಾಗಿ ಸುತ್ತಿ, ಪೇಪರಿನಲ್ಲಿ ಕಟ್ಟಿ, ಬೇರೆ ಚೀಲದಲ್ಲಿ ಕಸದ ಗಾಡಿಗೆ ಕೊಡುತ್ತೇವೆ.

ಲೆಕ್ಕಕ್ಕೆ ಬಂದರೆ, ನನಗೆ ಸಾದಾ ಹಾಳೆಯದು ಒಂದಕ್ಕೆ 9 ರೂಪಾಯಿ, ಉಬ್ಬಿನದು 11, ತೂತಿನದು 15 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದ ಮೇಲೆ 15 ಇದ್ದದ್ದು 14ಕ್ಕೆ ಬಂತು. ದಿನಕ್ಕೆ ಎಂಟು ಹಾಕುವ ಮನೆಗೆ ಇದು ಭಾರವೇ. ನಾವು ಮಳೆಗಾಲದಲ್ಲಿ ಆರು ಹಾಕುತ್ತಿದ್ದೆವು, ಅದರಲ್ಲಿ ನಾಲ್ಕು ತೂತಿನದು. ಉಚ್ಚೆಗಷ್ಟೇ ಬೇಕಾದ ಹೊತ್ತಿಗೆ ಉಬ್ಬಿನದು ಹಾಕಿ ಆ 40ರ ಪ್ಯಾಕ್ ಮುಗಿಸಿದೆ.

ಈಗ ಡಿಸೆಂಬರ್. ಶನಿವಾರಸಂತೆಯ ನಮ್ಮ ಮನೆಗೆ ಬಂದಿದ್ದೇನೆ. ಕಾಫಿ ಕಣದ ಪಕ್ಕದ ಹಗ್ಗದಲ್ಲಿ ಅಮ್ಮನ ಸೀರೆ ತುಂಡುಗಳು ಎರಡು ಗಂಟೆಯಲ್ಲಿ ಗರಿಗರಿ ಒಣಗುತ್ತವೆ. ಹಗಲೆಲ್ಲ ಅದೇ. ಆರು ತಿಂಗಳು ತುಂಬಿ ರಾಗಿ ಸರಿ ಶುರು ಮಾಡಿದ ಮೇಲೆ ಕಕ್ಕವೂ ಗಟ್ಟಿಯಾಗುತ್ತಿದೆ. ಪೂರ್ತಿ ಗಟ್ಟಿಯಾದರೆ ಸಾದಾ ಹಾಳೆಯದೂ ಸಾಕಾಗಬಹುದು, ಒಂದು ಚಿಕ್ಕ ಪ್ಯಾಕ್ ತಂದು ಮತ್ತೆ ನೋಡುತ್ತೇನೆ. ಅಲ್ಲಿಯವರೆಗೆ ರಾತ್ರಿಗೆ ಒಂದು, ಸಂತೆಗೋ ಅಮ್ಮನ ಮನೆಗೋ ಹೊರಟರೆ ಇನ್ನೊಂದು, ಎರಡೂ ತೂತಿನ ಹಾಳೆಯದೇ.