‘ಡಾಲ್ಫಿನ್ ಗ್ಯಾರಂಟಿ’ ಅಂದವರ ದೋಣಿ ಹತ್ತಬೇಡಿ

ಕಾಫಿ ಕೊಯ್ಲು ಮುಗಿದು ಕೈ ಬಿಡುವಾಯಿತೆಂದರೆ ನಮ್ಮ ಕೊಡಗಿನ ಕಾರುಗಳು ಸಂಪಾಜೆ ಘಾಟಿ ಇಳಿದು ಕಡಲ ಕಡೆ ಹೊರಡುತ್ತವೆ. ಈ ಸಲವೂ ಮಡಿಕೇರಿಯ ವಾಟ್ಸಾಪ್ ಗುಂಪುಗಳಲ್ಲಿ ‘ಡಾಲ್ಫಿನ್ ಗ್ಯಾರಂಟಿ, ಕಾಣದಿದ್ದರೆ ದುಡ್ಡು ವಾಪಸ್’ ಎಂಬ ಪೋಸ್ಟರ್ ಓಡಾಡುತ್ತಿದೆ. ಹೋದ ವರ್ಷ ಅಂಥದ್ದೇ ಒಂದನ್ನು ನಂಬಿ ಅಮ್ಮ, ಅಕ್ಕ, ಭಾವ, ಮೂವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ.

ಸುಳ್ಯ, ಪುತ್ತೂರು, ಮಾಣಿ ದಾಟಿ ಮಂಗಳೂರು. ಅಲ್ಲಿಂದ 66ನೇ ಹೆದ್ದಾರಿಯಲ್ಲಿ ಉತ್ತರಕ್ಕೆ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಬಿಳಿ ಹೊಟ್ಟೆಯ ಕಡಲ ಹದ್ದೊಂದು ನಮ್ಮ ಕಣ್ಣೆದುರೇ ಮೀನು ಎತ್ತಿಕೊಂಡು ಹೋಯಿತು. ಇಡೀ ಪ್ರವಾಸದಲ್ಲಿ ನೆನೆಸಿಕೊಳ್ಳುವಂಥ ಗಳಿಗೆ ಅದೊಂದೇ, ಅದಕ್ಕೆ ನಾವು ಪೈಸೆಯನ್ನೂ ಕೊಟ್ಟಿರಲಿಲ್ಲ.

ಮರುದಿನ ಕಾರವಾರದ ಹತ್ತಿರ, ಕಾಳಿ ನದಿ ಕಡಲು ಸೇರುವ ಅಳಿವೆಯ ಬಳಿ ದೋಣಿ ಹತ್ತಿದೆವು. ತಲೆಗೆ 600 ರೂಪಾಯಿಯಂತೆ ಏಳು ಜನರ ದುಡ್ಡನ್ನು ಫೋನಿನಲ್ಲೇ ಮೊದಲು ಕಳಿಸಿಯಾಗಿತ್ತು. ದೋಣಿಯಲ್ಲಿ ಹದಿನಾಲ್ಕು ಜನ, ಲೈಫ್ ಜಾಕೆಟ್ ಒಂಬತ್ತು. ‘ದಡದ ಹತ್ತಿರವೇ ಹೋಗೋದು ಸಾರ್, ಏನೂ ಆಗಲ್ಲ’ ಅಂದ ದೋಣಿಯವನು. ಆಗಲೇ ಇಳಿಯಬೇಕಿತ್ತು. ದುಡ್ಡು ಕೊಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ಕೂತೆ.

ಅರ್ಧ ಗಂಟೆ ಏನೂ ಕಾಣಲಿಲ್ಲ. ಆಮೇಲೆ ಬೂದು ಬೆನ್ನೊಂದು ನೀರಿನಿಂದ ಎದ್ದಿತು, ಅದರ ಪಕ್ಕಕ್ಕೆ ಅಂಟಿಕೊಂಡಂತೆ ಚಿಕ್ಕದೊಂದು. ಗೂನು ಬೆನ್ನಿನ ಡಾಲ್ಫಿನ್, ತಾಯಿ ಮತ್ತು ಮರಿ. ನಮ್ಮವನು ಫೋನ್ ಮಾಡಿದ, ಇನ್ನೆರಡು ದೋಣಿ ಬಂದವು. ಮೂರೂ ಸೇರಿ ಸುತ್ತುಗಟ್ಟಿದವು. ತಾಯಿ ಮುಳುಗಿ ಎಲ್ಲಿ ಎದ್ದರೆ ಅಲ್ಲಿಗೆ ಎಂಜಿನ್ ಜೋರು. ಮರಿ ಉಸಿರಿಗೆಂದು ಮೇಲೆ ಬಂದಾಗಲೆಲ್ಲ ಯಾವುದಾದರೊಂದು ದೋಣಿ ಅಡ್ಡ. ‘ಮರಿ ಉಂಟು ಮಾರಾಯ, ಬಿಟ್ಟುಬಿಡು’ ಎಂದು ಅಮ್ಮ ಕೂಗಿದರು. ‘ಇನ್ನೂ ಎಲ್ಲರ ವಿಡಿಯೊ ಆಗಿಲ್ಲ ಅಮ್ಮಾ’ ಅಂದ.

ನಮ್ಮ ಕೊಡಗಿನ ತಿತಿಮತಿ ರಸ್ತೆಯಲ್ಲಿ ಮರಿ ಜೊತೆಗಿರುವ ಆನೆ ಕಂಡರೆ ನಾವು ದೂರದಲ್ಲೇ ಗಾಡಿ ನಿಲ್ಲಿಸಿ, ಅದು ದಾಟುವವರೆಗೆ ಕಾಯುವವರು. ಕಡಲಲ್ಲಿ ನನಗೆ ಆ ಬುದ್ಧಿ ಯಾಕೆ ಬರಲಿಲ್ಲ ಎಂಬುದು ಇವತ್ತಿಗೂ ನೋಯುತ್ತದೆ.

ಮತ್ತೊಮ್ಮೆ ಗಕ್ಕನೆ ತಿರುಗಿಸುವಾಗ ಅಳಿವೆಯ ಅಲೆ ಅಡ್ಡಕ್ಕೆ ಬಡಿಯಿತು. ಜಾಕೆಟ್ ಸಿಗದೆ ಕೂತಿದ್ದ ಅಕ್ಕನ ಮಗಳು ಮುಗ್ಗರಿಸಿ ದೋಣಿಯ ಅಂಚಿಗೆ ಬಿದ್ದಳು. ಗಲ್ಲಕ್ಕೆ ನಾಲ್ಕು ಹೊಲಿಗೆ. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ನೀರಿಗೇ. ದಡಕ್ಕೆ ಬಂದು ಕೇಳಿದರೆ, ‘ಡಾಲ್ಫಿನ್ ಕಂಡಿತಲ್ಲ ಸಾರ್’ ಎಂಬ ಉತ್ತರ.

ಮನೆಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಈ ಡಾಲ್ಫಿನ್‌ಗಳು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಅಳಿವೆಗಳಲ್ಲೇ ಬದುಕುವಂಥವು. ಅಂದರೆ ದೋಣಿ ಓಡುವ ಜಾಗವೇ ಅವುಗಳ ಮನೆ. ಮೀನು ಹುಡುಕುವುದಕ್ಕೂ ತಾಯಿ ಮರಿ ಒಂದನ್ನೊಂದು ಕಂಡುಕೊಳ್ಳುವುದಕ್ಕೂ ಸದ್ದೇ ಆಧಾರ, ಎಂಜಿನ್ ಗದ್ದಲ ಅದನ್ನು ಮುಚ್ಚಿಬಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇವು ಒಂದನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ, ನಮ್ಮ ಆನೆ, ಹುಲಿಗಳ ಸಾಲಿನಲ್ಲೇ.

ಕಾಡುಪ್ರಾಣಿಯನ್ನು ತೋರಿಸುತ್ತೇನೆಂದು ಗ್ಯಾರಂಟಿ ಕೊಟ್ಟವನು, ಅಟ್ಟಿಸಿಕೊಂಡು ಹೋಗದೆ ಆ ಮಾತು ಉಳಿಸಿಕೊಳ್ಳುವುದು ಹೇಗೆ?

ಕಡಲು ನೋಡಲು ಖಂಡಿತ ಹೋಗಿ. ಬೆಳಗ್ಗೆ ಅಲೆ ಕಡಿಮೆ ಇರುವಾಗ ದಡದಲ್ಲೇ ಬೈನಾಕ್ಯುಲರ್ ಹಿಡಿದು ಕೂತರೆ ಎಷ್ಟೋ ಸಲ ಬೆನ್ನುಗಳು ಕಾಣುತ್ತವೆ. ದೋಣಿಯೇ ಬೇಕೆಂದರೆ ತಲೆಗೊಂದು ಜಾಕೆಟ್ ಎಣಿಸಿ, ಕಟ್ಟಿಕೊಂಡ ಮೇಲೆ ದುಡ್ಡು ಕೊಡಿ. ಅದಕ್ಕೂ ಮೊದಲು ‘ಮರಿ ಕಂಡರೆ ಏನು ಮಾಡ್ತೀರಿ?’ ಎಂದು ಕೇಳಿ. ‘ಎಂಜಿನ್ ನಿಧಾನ ಮಾಡಿ ದೂರ ನಿಲ್ತೀವಿ’ ಅನ್ನುವವರ ಜೊತೆ ಹೋಗಿ. ‘ಹತ್ತಿರದಿಂದ ತೋರಿಸ್ತೀವಿ’ ಅಂದರೆ ವಾಪಸ್ ಬನ್ನಿ.

ಆ ಪೋಸ್ಟರ್ ಬಂದಿರುವ ಗುಂಪುಗಳಿಗೆ ದಯವಿಟ್ಟು ಇದನ್ನೂ ಹಾಕಿ.